ಯಶವಂತಪುರದಲ್ಲಿ ಇಳಿದ ಸೀಸರರು

ದೀಪಾವಳಿಯ ಲಕ್ಷ್ಮೀಪೂಜೆಗೆಂದು ಬೆಳ್ಳಿಯ ಪೆಟ್ಟಿಗೆ ತೆರೆದಾಗ ಅರಿಸಿನ ಕುಂಕುಮ ಹತ್ತಿದ ಒಂದೆರಡು ರಾಣಿ ಛಾಪಿನ ರೂಪಾಯಿಗಳು ಹೊರಬರುವುದು ನಮ್ಮಲ್ಲಿ ಅನೇಕರ ಮನೆಯ ಅನುಭವ. ಊರು ಬಿಟ್ಟು ಮುಂಬಯಿಗೆ ಹೊರಟ ದಿನ ಅಜ್ಜಿಯೋ ಅತ್ತೆಯೋ ಸೆರಗಿನ ಗಂಟು ಬಿಚ್ಚಿ ಕೈಗಿತ್ತ ನಾಣ್ಯಗಳವು. ಅವುಗಳ ಮೇಲಿನ ವಿಕ್ಟೋರಿಯಾ ರಾಣಿ ನಮ್ಮತ್ತ ನೋಡುವುದಿಲ್ಲ. ಒಂದು ಪಕ್ಕಕ್ಕೆ ಮುಖ ಮಾಡಿ, ಸುತ್ತಲೂ ತನ್ನ ಹೆಸರು ಬಿರುದುಗಳನ್ನು ಬರೆಸಿಕೊಂಡು, ಎಲ್ಲೋ ದೂರ ನೋಡುತ್ತಿರುತ್ತಾಳೆ. ರಾಜರು ಹೀಗೆ ಪಕ್ಕಕ್ಕೆ ತಿರುಗಿ ನಾಣ್ಯದ ಮೇಲೆ ಕುಳಿತುಕೊಳ್ಳುವ ಈ ಪದ್ಧತಿಯನ್ನು ಯುರೋಪಿನವರು ಮುಖ್ಯವಾಗಿ ಕಲಿತದ್ದು ರೋಮಿನ ಚಕ್ರವರ್ತಿಗಳಿಂದ. ಆ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಕ್ಕೆ ಡೆನಾರಿಯಸ್ ಎಂದು ಹೆಸರು. ಅದನ್ನು ಕೂಡಿಡುವ ಹುಚ್ಚು ನಮಗೆ ಹಿಡಿದು ಮೂವತ್ತು ವರ್ಷಗಳ ಮೇಲಾಯಿತು. ಆ ಹುಚ್ಚಿನ ಸುಖವನ್ನೂ, ಅದರಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಡೆನಾರಿಯಸ್ ಕಣ್ಣಿಗೆ ದೊಡ್ಡದೇನಲ್ಲ. ಅಡ್ಡಗಲ ಹದಿನೆಂಟು ಹತ್ತೊಂಬತ್ತು ಮಿಲಿಮೀಟರು; ಈಗಿನ ಒಂದು ರೂಪಾಯಿಯ ನಾಣ್ಯಕ್ಕಿಂತ ಕಿರಿದು. ಆಗಸ್ಟಸನ ಕಾಲದಲ್ಲಿ ಅದರ ತೂಕ 3.8, 3.9 ಗ್ರಾಮಿನಷ್ಟು. ರಾಣಿ ರೂಪಾಯಿ 11.66 ಗ್ರಾಂ. ಅಂದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಮೂವರು ಆಗಸ್ಟಸರನ್ನು ಕೂರಿಸಿದರೆ ಇನ್ನೊಂದರಲ್ಲಿ ಒಬ್ಬ ವಿಕ್ಟೋರಿಯಾ ಸರಿತೂಗುತ್ತಾಳೆ! ಈ ನಾಣ್ಯ ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ. ಮೊದಲು ಹತ್ತು ಕಂಚಿನ 'ಆಸ್'ಗಳಿಗೆ ಒಂದು ಡೆನಾರಿಯಸ್. ಹೆಸರಿನಲ್ಲೇ ಹತ್ತು ಅಡಗಿದೆ. ಕ್ರಿ.ಪೂ. 2ನೆಯ ಶತಮಾನದಲ್ಲಿ ಅದು ಹದಿನಾರು ಆಸ್ ಆಯಿತು. ಅದರ ಕಾಲುಭಾಗ, ಎಂದರೆ ನಾಲ್ಕು ಆಸ್, ಸೆಸ್ಟರ್ಷಿಯಸ್. 1957ರಲ್ಲಿ ನಯಾಪೈಸೆ ಬರುವ ಮೊದಲು ಹದಿನಾರಾಣೆಯ ಲೆಕ್ಕ ಬಾಯಿಪಾಠ ಮಾಡಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಡೆನಾರಿಯಸ್ ರೂಪಾಯಿಯಾದರೆ ಸೆಸ್ಟರ್ಷಿಯಸ್ ಪಾವಲಿ. ನಮ್ಮ ಸಂಸ್ಕೃತ ಗ್ರಂಥಗಳ 'ದೀನಾರ'ವೂ ಅರಬರ ದಿನಾರವೂ ಈ ಡೆನಾರಿಯಸ್ಸಿನ ಮೊಮ್ಮಕ್ಕಳೇ. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಪೆನ್ನಿಗೆ 'ಡಿ' ಎಂಬ ಅಕ್ಷರ ಏಕೆಂದು ಶಾಲೆಯಲ್ಲಿ ಕೇಳಿ ಬೈಸಿಕೊಂಡವರು ನಾವು. ಉತ್ತರ ಇದೇ ನಾಣ್ಯದಲ್ಲಿತ್ತು.

ಮೊದಮೊದಲು ಇದರ ಮೇಲೆ ಇರುತ್ತಿದ್ದುದು ದೇವತೆಗಳ ಮುಖ. ರೋಮ್ ನಗರದ ಟಂಕಸಾಲೆಯಲ್ಲಿ ಬದುಕಿರುವ ಮನುಷ್ಯನೊಬ್ಬನ ಮುಖ ಅಚ್ಚಾದದ್ದು ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರನದು. ಬತ್ತಿದ ಕೆನ್ನೆ, ಸುಕ್ಕುಗಟ್ಟಿದ ಕತ್ತು, ಬೋಳುತಲೆಯನ್ನು ಮುಚ್ಚುವ ಎಲೆಗಳ ಮುಡಿ. ಪಕ್ಕದಲ್ಲಿ 'ಆಜೀವ ಸರ್ವಾಧಿಕಾರಿ' ಎಂಬ ಬಿರುದು. ಅದನ್ನು ಸಹಿಸದವರು ಮಾರ್ಚ್ 15ರಂದು ಅವನನ್ನು ಇರಿದು ಕೊಂದರು. ವಿನೋದವೆಂದರೆ, ಕೊಂದವರಲ್ಲಿ ಮುಖಂಡನಾದ ಬ್ರೂಟಸ್ ಎರಡು ವರ್ಷ ಕಳೆಯುವುದರೊಳಗೆ ತನ್ನ ಮುಖವನ್ನೂ ನಾಣ್ಯಕ್ಕೆ ಹಾಕಿಸಿಕೊಂಡ! ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ದಾಸ್ಯವಿಮುಕ್ತರು ಧರಿಸುವ ಟೊಪ್ಪಿಗೆ, ಕೆಳಗೆ ಕೊಲೆಯ ದಿನಾಂಕ. ಕೊಲೆಯೊಂದನ್ನು ಹೀಗೆ ಹೆಮ್ಮೆಯಿಂದ ಸಾರಿದ ನಾಣ್ಯ ಬೇರೊಂದು ಇರಲಾರದು.

ನಾಣ್ಯ ಕೂಡಿಡುವ ಚಟ ಇಂದಿನದಲ್ಲ. ಹಬ್ಬದ ದಿನ ಆಗಸ್ಟಸನೇ ಹಳೆಯ ರಾಜರ ನಾಣ್ಯಗಳನ್ನೂ ಪರದೇಶದ ನಾಣ್ಯಗಳನ್ನೂ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದನೆಂದು ಸ್ವೆಟೋನಿಯಸ್ ಬರೆದಿದ್ದಾನೆ. ಇಟಲಿಯ ಕವಿ ಪೆಟ್ರಾರ್ಕ್ 1354ರಲ್ಲಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸನಿಗೆ ರೋಮನ್ ನಾಣ್ಯಗಳನ್ನು ಕಾಣಿಕೆಯಿತ್ತು, ಇವರಂತೆ ಬಾಳು ಎಂದು ಬುದ್ಧಿ ಹೇಳಿದನಂತೆ. ಸ್ವೆಟೋನಿಯಸ್ ಚರಿತ್ರೆ ಬರೆದ ಹನ್ನೆರಡು ಮಂದಿಯನ್ನು, ಜೂಲಿಯಸ್ ಸೀಸರನಿಂದ ಡೊಮಿಷಿಯನ್ನನವರೆಗೆ, ಸಾಲಾಗಿ ಕೂಡಿಸುವುದು ಇಂದಿಗೂ ಸಂಗ್ರಾಹಕರ ಹಂಬಲ. ಮೂರೇ ತಿಂಗಳು ಆಳಿದ ಓಥೋ ಮಾತ್ರ ಸುಲಭಕ್ಕೆ ಕೈಗೆ ಸಿಕ್ಕುವವನಲ್ಲ. ನಮ್ಮ ಸಂಸಾರದ ಆದಾಯಕ್ಕೆ ಹನ್ನೆರಡರ ಮಾತು ದೂರ. ನಮ್ಮಲ್ಲಿರುವುದು ಐದು. ಅದರಲ್ಲಿ ಒಂದು ಸುಳ್ಳು.

ಸುಳ್ಳಿನ ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇವೆ. ಫೋರ್ಟಿನ ಕಾಲುದಾರಿಯ ಮೇಲೆ ಹಳೆಯ ಅಂಚೆಚೀಟಿ, ನಾಣ್ಯ ಹರವಿಕೊಂಡು ಕೂರುವವರನ್ನು ಮುಂಬಯಿಯ ಓದುಗರು ಬಲ್ಲರು. ಅಲ್ಲಿ ಒಬ್ಬಾತನಿಂದ ಸಂಬಳದ ದಿನ ಒಂದು ನೀರೋ ಕೊಂಡೆವು. ಮನೆಗೆ ಬಂದು ಭೂತಗನ್ನಡಿ ಹಿಡಿದು ನೋಡಿದರೆ ನಾಣ್ಯದ ಅಂಚಿನ ಸುತ್ತ ಒಂದು ತೆಳ್ಳನೆಯ ಗೆರೆ. ಮುಖದ ಮೇಲೆ ಸೂಜಿಮೊನೆಯಂಥ ಗುಳಿಗಳು. ನಿಜವಾದ ಡೆನಾರಿಯಸ್ಸನ್ನು ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ನಮ್ಮದು ಎರಕ ಹೊಯ್ದದ್ದು. ಎರಡು ಹೋಳು ಸೇರಿದ ಗುರುತೇ ಆ ಗೆರೆ, ಗಾಳಿಗುಳ್ಳೆ ಒಡೆದ ಗುರುತೇ ಆ ಗುಳಿ. ಬೇಸರವಾದರೂ ಒಂದು ಸಮಾಧಾನ: ನಮಗಿಂತ ದೊಡ್ಡವರೂ ಮೋಸಹೋಗಿದ್ದಾರೆ. ಜರ್ಮನಿಯ ಬೆಕರ್ (1772–1830) ಎಂಬಾತ ತಾನೇ ಅಚ್ಚು ಕೆತ್ತಿ ನಾಣ್ಯ ಹೊಡೆದು, ಕಬ್ಬಿಣದ ಅರದ ಪುಡಿಯ ಜೊತೆ ಪೆಟ್ಟಿಗೆಯಲ್ಲಿ ಹಾಕಿ, ಪೆಟ್ಟಿಗೆಯನ್ನು ತನ್ನ ಸಾರೋಟಿಗೆ ಕಟ್ಟಿ ಊರೆಲ್ಲ ಸುತ್ತಿಸಿ, ಹೊಸ ನಾಣ್ಯಗಳಿಗೆ ಸವಕಲು ಬರಿಸುತ್ತಿದ್ದನಂತೆ. ರೋಮನರ ಕಾಲದಲ್ಲೇ ತಾಮ್ರದ ಮೇಲೆ ಬೆಳ್ಳಿಯ ತಗಡು ಹೊದಿಸಿದ ಖೋಟಾಗಳು ಓಡಾಡುತ್ತಿದ್ದವು. ಅವನ್ನು ಹಿಡಿಯಲೆಂದು ಚಿನಿವಾರರು ಹಾಕಿದ ಸಣ್ಣ ಮುದ್ರೆ, ಕಚ್ಚುಗಳು ಎಷ್ಟೋ ನಾಣ್ಯಗಳ ಮೇಲೆ ಈಗಲೂ ಇವೆ.

ಇನ್ನೊಂದು ಅನಾಹುತವನ್ನೂ ಮರೆಮಾಚಬಾರದು. ಒಂದು ವರ್ಷ ದೀಪಾವಳಿಗೆ ಊರಿನಿಂದ ಬಂದಿದ್ದ ನಮ್ಮ ದೊಡ್ಡಮ್ಮ, ದೀಪದ ಕಂಬಗಳ ಜೊತೆಗೆ ನಮ್ಮ ಆಗಸ್ಟಸನನ್ನೂ ವಿಭೂತಿ ಹಾಕಿ ಥಳಥಳಿಸುವಂತೆ ತಿಕ್ಕಿಟ್ಟಿದ್ದರು. "ಇಷ್ಟು ಕಪ್ಪಾಗಿದ್ದ ಬೆಳ್ಳಿಯನ್ನು ದೇವರ ಮುಂದೆ ಇಡುತ್ತೀರಲ್ಲೋ!" ಎಂದು ಗದರಿದರು ಬೇರೆ. ಆ ಕಪ್ಪು ಎರಡು ಸಾವಿರ ವರ್ಷದ ಗಳಿಕೆ, ಸಂಗ್ರಾಹಕರು ಅದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ ಎಂದು ಅವರಿಗೆ ಹೇಳುವ ಧೈರ್ಯ ನಮಗಾಗಲಿಲ್ಲ. ಹಳೆಯ ನಾಣ್ಯವನ್ನು ಹುಣಸೆಹಣ್ಣು, ಬೂದಿ, ಪಾಲಿಷು ಯಾವುದರಿಂದಲೂ ತಿಕ್ಕಬೇಡಿ. ಆಗಸ್ಟಸನ ಮೂಗು ಅಂದಿನಿಂದ ಮೊಂಡಾಗಿಯೇ ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯಶವಂತಪುರವೆಂದರೆ ಈಗ ನಮಗೆಲ್ಲ ರೈಲು ನಿಲ್ದಾಣ. ಮೂಟೆ ಮಕ್ಕಳೊಂದಿಗೆ ಹತ್ತಿ ಇಳಿಯುವ ಜಾಗ. ಅದೇ ಯಶವಂತಪುರದಲ್ಲಿ 1891ರಲ್ಲಿ ನೆಲದೊಳಗಿನಿಂದ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಬೆಂಗಳೂರಿನ ಇನ್ನೊಂದು ಬದಿಯಲ್ಲಿ, ಎಚ್‌.ಎ.ಎಲ್‌. ಪ್ರದೇಶದಲ್ಲಿ, ಮತ್ತೆ 256 ದೊರೆತವು. ಎರಡೂ ಕಡೆ ಕಂಡ ಮುಖಗಳು ಕ್ರಿಸ್ತಶಕದ ಮೊದಲ ಅರ್ಧ ಶತಮಾನದವರವು: ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್. ಬೆಂಗಳೂರಿಗೆ ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಸುಮಾರು ಸಾವಿರದೈನೂರು ವರ್ಷ ಮುಂಚೆ ಅಚ್ಚಾದ ನಾಣ್ಯಗಳಿವು.

ಇವು ಹೇಗೆ ಬಂದವು? ಉತ್ತರದಲ್ಲಿ ಮೆಣಸಿನ ಘಾಟಿದೆ. ರೋಮಿನ ಹಡಗುಗಳು ಈಜಿಪ್ಟಿನ ಕೆಂಪು ಸಮುದ್ರದ ರೇವುಗಳಿಂದ ಹೊರಟು, ಮುಂಗಾರಿನ ಗಾಳಿ ಹಿಡಿದು, ಮಲಬಾರಿನ ಮುಜಿರಿಸಿಗೆ ಬರುತ್ತಿದ್ದವು. ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯನ್ನು ಬರೆದ ಗ್ರೀಕ್ ವರ್ತಕ, ಅಲ್ಲಿಗೆ ಒಯ್ಯಬೇಕಾದ ಸರಕಿನಲ್ಲಿ ಎಲ್ಲಕ್ಕೂ ಮೊದಲು ಹೇಳುವುದು ನಗದು ಹಣವನ್ನು, ಅದೂ ಬಹಳವಾಗಿ. ತರುವುದು ಮೆಣಸು, ಮುತ್ತು, ದಂತ, ರತ್ನ, ಆಮೆಯ ಚಿಪ್ಪು. ರೋಮಿನಲ್ಲಿ ಒಂದು ಪೌಂಡ್ ಕರಿಮೆಣಸಿಗೆ ನಾಲ್ಕು ಡೆನಾರಿಯಸ್, ಬಿಳಿಮೆಣಸಿಗೆ ಏಳು, ಹಿಪ್ಪಲಿಗೆ ಹದಿನೈದು ಎಂದು ಪ್ಲಿನಿ ದರ ಕೊಟ್ಟಿದ್ದಾನೆ. ಆಗಿನ ಸಿಪಾಯಿಯ ವರ್ಷದ ಸಂಬಳ 225 ಡೆನಾರಿಯಸ್. ನಮ್ಮ ಮನೆಗಳ ಸಾರಿನ ಪುಡಿ ಅವನಿಗೆ ದುಬಾರಿಯೇ. ವರ್ಷವರ್ಷವೂ ಐದು ಕೋಟಿ ಸೆಸ್ಟರ್ಷಿಯಸ್ಸುಗಳನ್ನು ಹಿಂದೂದೇಶ ನುಂಗುತ್ತಿದೆ ಎಂದು ಪ್ಲಿನಿ ಗೋಳಾಡುತ್ತಾನೆ. ಪಾವಲಿ ಲೆಕ್ಕದಲ್ಲಿ ಅದು ಒಂದೂಕಾಲು ಕೋಟಿ ಡೆನಾರಿಯಸ್. ವಿದೇಶಿ ವಿನಿಮಯದ ಕೊರತೆಯ ಬಗ್ಗೆ ಬರೆದ ಮೊದಲಿಗರಲ್ಲಿ ಒಬ್ಬ ಈತನಿರಬೇಕು.

ನಮ್ಮವರು ಈ ಬೆಳ್ಳಿಯನ್ನೇ ಏಕೆ ಬಯಸಿದರು? ಇದಕ್ಕೂ ಪ್ಲಿನಿಯಲ್ಲಿ ಒಂದು ಕಥೆಯಿದೆ. ಕ್ಲಾಡಿಯಸನ ಕಾಲದಲ್ಲಿ ಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದು ಬಿದ್ದ ರೋಮನನೊಬ್ಬನ ಹಣವನ್ನು ಅಲ್ಲಿಯ ರಾಜ ನೋಡಿದನಂತೆ. ಬೇರೆ ಬೇರೆ ಮುಖಗಳಿದ್ದುದರಿಂದ ಅವು ಬೇರೆ ಬೇರೆ ದೊರೆಗಳ ಕಾಲದವೆಂದು ತಿಳಿಯಿತು. ಆದರೂ ಎಲ್ಲದರ ತೂಕ ಒಂದೇ. ಇಂಥ ಜನ ನಂಬಿಕಸ್ಥರು ಎಂದು ರಾಜ ಮೆಚ್ಚಿದನಂತೆ. ಕಥೆ ಎಷ್ಟು ನಿಜವೋ, ಆದರೆ ನೆಲದಲ್ಲಿ ಸಿಕ್ಕ ನಿಧಿಗಳು ಅದಕ್ಕೆ ಸಾಕ್ಷಿ ನುಡಿಯುತ್ತವೆ. ಕ್ರಿ.ಶ. 64ರಲ್ಲಿ ನೀರೋ ಡೆನಾರಿಯಸ್ಸಿನ ತೂಕ ಇಳಿಸಿದ. ಪೌಂಡಿಗೆ 84 ಆಗುತ್ತಿದ್ದುದು 96 ಆಯಿತು. ಬೆಳ್ಳಿಯ ಶುದ್ಧತೆಯೂ ಇಳಿಯಿತು. ದಕ್ಷಿಣ ಭಾರತದ ಬೆಳ್ಳಿಯ ನಿಧಿಗಳಲ್ಲಿ ಹೆಚ್ಚಿನವು ಅದಕ್ಕೆ ಹಿಂದಿನ ನಾಣ್ಯಗಳೇ. ಲ್ಯಾಟಿನ್ ಅಕ್ಷರ ಓದಲು ಬಾರದ ನಮ್ಮ ಚಿನಿವಾರರು ಒರೆಗಲ್ಲಿನಿಂದಲೂ ತಕ್ಕಡಿಯಿಂದಲೂ ನೀರೋನ ಕಳ್ಳತನವನ್ನು ಹಿಡಿದರೆಂದು ನಾವು ಊಹಿಸಿ ಹಿಗ್ಗುವುದುಂಟು.

ಈ ನಿಧಿಗಳಲ್ಲಿ ಎರಡು ಬಗೆಯ ನಾಣ್ಯಗಳದೇ ದರ್ಬಾರು. ಒಂದು ಆಗಸ್ಟಸನದು. ಹಿಂಬದಿಯಲ್ಲಿ ಇಬ್ಬರು ಹುಡುಗರು ಗುರಾಣಿ ಈಟಿ ಹಿಡಿದು ನಿಂತಿದ್ದಾರೆ. ಗಂಡು ಸಂತಾನವಿಲ್ಲದ ಚಕ್ರವರ್ತಿ ಮಗಳ ಮಕ್ಕಳಾದ ಗೇಯಸ್, ಲೂಷಿಯಸರನ್ನು ದತ್ತು ತೆಗೆದುಕೊಂಡು, ಮುಂದಿನ ದೊರೆಗಳು ಇವರೇ ಎಂದು ಲೋಕಕ್ಕೆ ಸಾರಿದ ನಾಣ್ಯವಿದು. ಗಾಲ್ ದೇಶದ ಲುಗ್ಡೂನಮ್ಮಿನಲ್ಲಿ, ಎಂದರೆ ಇಂದಿನ ಫ್ರಾನ್ಸಿನ ಲಿಯಾನ್ ನಗರದಲ್ಲಿ, ಕ್ರಿ.ಪೂ. 2ರಿಂದ ಅಚ್ಚಾದದ್ದು. ಲೂಷಿಯಸ್ ಕ್ರಿ.ಶ. 2ರಲ್ಲಿ ತೀರಿಕೊಂಡ, ಗೇಯಸ್ ಕ್ರಿ.ಶ. 4ರಲ್ಲಿ. ಮುದುಕ ತಾತ ಉಳಿದ. ಹುಡುಗರು ಬೆಳ್ಳಿಯಲ್ಲಿ ಮಾತ್ರ ಬೆಳೆಯುತ್ತ ಕಡಲು ದಾಟಿ ಬಂದರು. ಎರಡನೆಯದು ಆ ತಾತನ ಬಳಿಕ, ಬೇರೆ ದಾರಿಯಿಲ್ಲದೆ, ಪಟ್ಟಕ್ಕೆ ಬಂದ ಟೈಬೀರಿಯಸನದು. ಹಿಂಬದಿಯಲ್ಲಿ ರಾಜದಂಡ ಹಿಡಿದು ಕುಳಿತ ಹೆಂಗಸು; ಅವನ ತಾಯಿ ಲಿವಿಯಾಳೇ ಇರಬೇಕೆಂದು ಹಲವರ ಮತ. ಇಪ್ಪತ್ತಮೂರು ವರ್ಷ ಆಳಿದರೂ ಅವನ ಟಂಕಸಾಲೆ ಹೆಚ್ಚುಕಡಮೆ ಇದೊಂದೇ ಬಗೆಯ ಡೆನಾರಿಯಸ್ ಹೊಡೆಯಿತು. ಬೈಬಲಿನಲ್ಲಿ 'ಇದರ ಮೇಲಿರುವ ಮುಖ ಯಾರದು?' ಎಂದು ಏಸು ಕೇಳುವ ನಾಣ್ಯ ಇದೇ ಎಂಬ ನಂಬಿಕೆಯಿರುವುದರಿಂದ ಪಾಶ್ಚಾತ್ಯ ಪೇಟೆಯಲ್ಲಿ ಇದಕ್ಕೆ ಎಂದೂ ಗಿರಾಕಿ.

ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆ ಎಂಬ ವಾದವನ್ನು ನಮ್ಮ ಸಂಘದ ಭಾಷಣಗಳಲ್ಲಿ ಕೇಳದ ವರ್ಷವಿಲ್ಲ. ಗೋವಿಂದ ಪೈಗಳಂಥವರು ಕೈಹಾಕಿದ ಆ ಚರ್ಚೆ ಇನ್ನೂ ಮುಗಿದಿಲ್ಲ. ನಮಗೇನೋ ಅದಕ್ಕಿಂತ ಚಂದ್ರವಳ್ಳಿಯ ನೆಲವೇ ಹೆಚ್ಚು ಗಟ್ಟಿಯೆಂದು ತೋರುತ್ತದೆ. ಚಿತ್ರದುರ್ಗದ ಬೆಟ್ಟದ ಬುಡದಲ್ಲಿರುವ, ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಆಗಸ್ಟಸ್ ಮತ್ತು ಟೈಬೀರಿಯಸರ ಡೆನಾರಿಯಸ್ಸುಗಳು ಅಲ್ಲಿ ದೊರೆತಿವೆ. ಸಂಖ್ಯೆಯಲ್ಲಿ ಬೆಂಗಳೂರಿನ ನಿಧಿಗಳ ಮುಂದೆ ಇವು ಏನೂ ಅಲ್ಲ. ಆದರೆ ಯಾವ ಪದರದ ಮಣ್ಣಿನಲ್ಲಿ, ಯಾವ ಮಡಕೆಚೂರುಗಳ ಜೊತೆಯಲ್ಲಿ, ಯಾವ ಶಾತವಾಹನ ನಾಣ್ಯಗಳ ನೆರೆಯಲ್ಲಿ ಎಂಬುದು ಗೊತ್ತಿರುವ ರೋಮನ್ ನಾಣ್ಯ ತೇದಿ ಹಾಕಿದ ಕಾಗದವಿದ್ದಂತೆ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ, ಆ ಪದರ ಅದಕ್ಕಿಂತ ಹಳೆಯದಾಗಿರಲಾರದು. ಮಡಕೆಚೂರಿಗೆ ತನ್ನ ವಯಸ್ಸು ಹೇಳಲು ಬಾರದು. ಪಕ್ಕದ ನಾಣ್ಯ ಅದರ ಪರವಾಗಿ ಹೇಳುತ್ತದೆ. ಪಾಂಡಿಚೇರಿ ಬಳಿಯ ಅರಿಕಮೇಡಿನಲ್ಲಿ ಸಿಕ್ಕ ರೋಮನ್ ಪಾತ್ರೆಗಳನ್ನೂ ಇಂಥ ನಾಣ್ಯಗಳನ್ನೂ ಆಧಾರವಾಗಿಟ್ಟುಕೊಂಡು ದಖ್ಖನ್ನಿನ ಪ್ರಾಚೀನ ಕಾಲಾನುಕ್ರಮವನ್ನು ವ್ಹೀಲರ್ ಹೆಣೆದರು.

ನಾವು ಮಾಡಿದ ತಪ್ಪು ಇಲ್ಲಿಯೇ ಇದೆ. ಬಹಳ ವರ್ಷಗಳ ಹಿಂದೆ ಒಬ್ಬ ವ್ಯಾಪಾರಿ ನಮ್ಮ ಮಾತಿನ ಧಾಟಿಯಿಂದ ಊರು ಪತ್ತೆ ಹಚ್ಚಿ, "ಇದು ನಿಮ್ಮ ಮೈಸೂರು ಕಡೆಯದೇ ಮಾಲು, ಸಾಹೇಬರೇ. ಹೊಲದಲ್ಲಿ ಸಿಕ್ಕಿದ್ದು" ಎಂದು ಒಂದು ಟೈಬೀರಿಯಸನನ್ನು ಅಂಗೈಗೆ ಹಾಕಿದ. ಈ ಬಾರಿ ಅಂಚು, ತೂಕ, ಅಚ್ಚು ಎಲ್ಲ ಸರಿಯಾಗಿತ್ತು. ತವರಿನ ಮಣ್ಣಿನಿಂದ ಬಂದ ಸೀಸರ್! ಹಿಗ್ಗಿನಲ್ಲಿ ಚೌಕಾಸಿಯನ್ನೂ ಮರೆತೆವು. ಯಾವ ತಾಲ್ಲೂಕು, ಯಾವ ಹಳ್ಳಿ, ಒಂದೇ ಸಿಕ್ಕಿತೋ ಕುಡಿಕೆ ತುಂಬ ಸಿಕ್ಕಿತೋ, ಒಂದನ್ನೂ ಕೇಳಲಿಲ್ಲ. ತಿಂಗಳ ಮೇಲೆ ಕೇಳಲು ಹೋದಾಗ ಆತ ನಕ್ಕ. "ಹೊಲದವನ ಹೆಸರು ಹೇಳಿದರೆ ನಾಳೆ ನನಗೆ ಯಾರು ತಂದುಕೊಡುತ್ತಾರೆ?" ಎಂದ.

ಆಗ ನಮಗೆ ಅರ್ಥವಾಯಿತು. ಎಲ್ಲೋ ಒಂದು ಮಡಕೆ ಒಡೆದಿದೆ. ಅದರೊಳಗಿನ ಮುಖಗಳು ಒಂದೊಂದಾಗಿ ಒಂದೊಂದು ಊರಿಗೆ ಹೋಗಿವೆ. ಯಾರು, ಯಾವಾಗ, ಏಕೆ ಹೂತಿಟ್ಟರೆಂದು ಇನ್ನು ಯಾರೂ ಹೇಳಲಾರರು. ಯಶವಂತಪುರದ 163 ಒಟ್ಟಾಗಿ ಲೆಕ್ಕಕ್ಕೆ ಸಿಕ್ಕಿದ್ದರಿಂದಲೇ ಅಲ್ಲವೆ ಅವು ಇತಿಹಾಸದ ಪುಸ್ತಕ ಸೇರಿದ್ದು? ಆ ಒಡೆದ ಮಡಕೆಯ ಲೂಟಿಯಲ್ಲಿ ನಮ್ಮದೂ ಒಂದು ಪಾಲು.

ಇದು ಬಡಪಾಯಿಗಳ ಪೇಟೆಯ ಮಾತಷ್ಟೇ ಅಲ್ಲ. ಮೇಲೆ ಹೇಳಿದ ಬ್ರೂಟಸನ ಕಠಾರಿ ನಾಣ್ಯದ ಚಿನ್ನದ ಪ್ರತಿಯೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಇಪ್ಪತ್ತೇಳು ಲಕ್ಷ ಪೌಂಡಿಗೆ ಹೋಯಿತು. ಅದು ಹಳೆಯ ಸಂಗ್ರಹದಿಂದ ಬಂದದ್ದೆಂದು ಹೇಳಿದ್ದ ಕಥೆಯೇ ಸುಳ್ಳೆಂದು ಮುಂದೆ ಹೊರಬಿದ್ದು, 2023ರಲ್ಲಿ ನಾಣ್ಯ ಗ್ರೀಸ್ ದೇಶಕ್ಕೆ ಮರಳಿತು. ಯಾವ ಹೊಲದಿಂದ ಎದ್ದದ್ದು ಎಂಬುದನ್ನು ಮರಳಿಸಲು ಮಾತ್ರ ಯಾವ ನ್ಯಾಯಾಲಯಕ್ಕೂ ಆಗದು.

ಊರಿನಲ್ಲಿ ಹಳೆಯ ಮನೆ ಇನ್ನೂ ಉಳಿದಿರುವ ಓದುಗರು ನಮ್ಮಲ್ಲಿ ಬಹಳ ಮಂದಿ. ಅಣ್ಣತಮ್ಮಂದಿರು ಪಾಲಾಗುವಾಗ ಗೋಡೆ ಕೆಡವುವುದು, ಪಾಯ ತೆಗೆಯುವುದು, ತೋಟದಲ್ಲಿ ಬಾವಿ ತೋಡಿಸುವುದು ನಡೆದೇ ಇರುತ್ತದೆ. ಗುದ್ದಲಿಗೆ ಮಡಕೆ ತಗುಲಿದರೆ ಮೊದಲು ಕೆಲಸ ನಿಲ್ಲಿಸಿ. ಹಂಚಿಕೊಳ್ಳಬೇಡಿ, ತೊಳೆಯಬೇಡಿ, ಇದ್ದ ಜಾಗದ ಒಂದು ಚಿತ್ರ ತೆಗೆಯಿರಿ, ಒಡೆದ ಮಡಕೆಯ ಚೂರನ್ನೂ ಎತ್ತಿಡಿ. ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ಶಾಸನ 1878ರಿಂದ ಈ ದೇಶದಲ್ಲಿದೆ. ಕರ್ನಾಟಕಕ್ಕೆ 1962ರ ತನ್ನದೇ ಶಾಸನವುಂಟು. ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಿ. ಮುಚ್ಚಿಟ್ಟರೆ ಶಿಕ್ಷೆ. ಸರ್ಕಾರ ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗ ಸೇರಿಸಿ ಹಕ್ಕುದಾರರಿಗೆ ಕೊಡಬೇಕೆಂದು 1878ರ ಶಾಸನದಲ್ಲಿಯೇ ಬರೆದಿದೆ. ಮುಖಗಳನ್ನು ನೋಡಬೇಕೆಂಬ ಆಸೆಯಿದ್ದವರು ಚೆನ್ನೈಗೆ ಹೋದಾಗ ಎಗ್ಮೋರಿನ ಸರ್ಕಾರಿ ಮ್ಯೂಸಿಯಮ್ಮನ್ನು ಮರೆಯಬೇಡಿ. ದಕ್ಷಿಣದ ನಿಧಿಗಳ ರೋಮನ್ ನಾಣ್ಯಗಳು ಅಲ್ಲಿ ಹೇರಳವಾಗಿವೆ.

ನಮ್ಮ ಟೈಬೀರಿಯಸ್ ಈಗ ಒಂದು ಸಣ್ಣ ಕಾಗದದ ಲಕೋಟೆಯಲ್ಲಿದ್ದಾನೆ. ದೊರೆಯ ಹೆಸರು, ಟಂಕಸಾಲೆ, ತೂಕ, ಕೊಂಡ ತಿಂಗಳು, ಕೊಟ್ಟ ಬೆಲೆ, ಎಲ್ಲವನ್ನೂ ಅದರ ಮೇಲೆ ಮಸಿಯಲ್ಲಿ ಬರೆದಿದ್ದೇವೆ. 'ಸಿಕ್ಕ ಸ್ಥಳ' ಎಂಬುದರ ಮುಂದೆ 'ಮೈಸೂರು ಕಡೆ' ಎಂದು ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದ್ದೇವೆ.